ಲೋಟದಲ್ಲಿ ಕಾಣದ ನದಿ

ಬಾರ್ಸಿಲೋನಾ ನಗರದ ನಡುಮಧ್ಯದ ಕ್ಯಾಟಲೋನಿಯಾ ಚೌಕದ ಆಸುಪಾಸಿನಲ್ಲಿ ಬೆಳಗಿನ ಎಂಟು, ಒಂಬತ್ತರ ಹೊತ್ತಿಗೆ ಸಣ್ಣ ವ್ಯಾನುಗಳು ಬಂದು ನಿಲ್ಲುತ್ತವೆ. ಏಳೆಂಟು ಪ್ರವಾಸಿಗರನ್ನು ಹತ್ತಿಸಿಕೊಂಡು ಹೊರಡುವ ಈ ವ್ಯಾನುಗಳು ಹೊರವಲಯದ ಕಾರ್ಖಾನೆಗಳನ್ನು ದಾಟಿ, ಹೆದ್ದಾರಿ ಹಿಡಿದು, ದ್ರಾಕ್ಷಿ ತೋಟಗಳ ಸೀಮೆಯನ್ನು ಮುಟ್ಟುತ್ತವೆ. ಎರಡು ಅಥವಾ ಮೂರು ವೈನರಿಗಳ ದರ್ಶನ, ಪ್ರತಿಯೊಂದರಲ್ಲೂ ಹಲವು ಬಗೆಯ ವೈನಿನ ರುಚಿ, ನಡುವೆ ದೀರ್ಘವಾದ ಮಧ್ಯಾಹ್ನದ ಊಟ, ಹಿಂದಿರುಗುವಾಗ ವ್ಯಾನಿನೊಳಗೆ ನಿದ್ದೆ. ಸಂಜೆ ದೀಪ ಹತ್ತುವ ವೇಳೆಗೆ ಎಲ್ಲರೂ ಮತ್ತೆ ಅದೇ ಚೌಕದಲ್ಲಿ. ಸ್ಪೇನ್ ದೇಶದ ವೈನ್ ಮಾರ್ಗಗಳಿಗೆ ವರ್ಷಕ್ಕೆ ಸುಮಾರು 30 ಲಕ್ಷ ಭೇಟಿಗಳು ದಾಖಲಾಗುತ್ತಿದ್ದು, ಅವುಗಳಲ್ಲಿ ಬಹಳಷ್ಟು ಇಂತಹ ಹಗಲು ಪ್ರವಾಸಗಳೇ.

ಮದ್ಯದ ಸುದ್ದಿ ಪರಿಸರ ಪತ್ರಿಕೆಗೇಕೆ ಎಂದು ಹುಬ್ಬೇರಿಸುವ ಓದುಗರು ಇರಬಹುದು. ಕುಡಿತದ ಒಳಿತು ಕೆಡುಕುಗಳು ಇಲ್ಲಿನ ಚರ್ಚೆಯಲ್ಲ. ಗುಡ್ಡವೊಂದು ತನ್ನ ಮಣ್ಣು, ಮಳೆ ಮತ್ತು ಜನರ ದುಡಿಮೆಯನ್ನು ಕೂಡಿಸಿ ಒಂದು ಪದಾರ್ಥವನ್ನು ಸಿದ್ಧಪಡಿಸುತ್ತದೆ. ಅದನ್ನು ಸವಿಯಲು ನಗರವು ಬೆಟ್ಟ ಹತ್ತಿ ಬರುತ್ತದೆ. ಬಂದದ್ದು ಅದೇ ಸಂಜೆ ಇಳಿದು ಹೋಗುತ್ತದೆ. ಆ ಪದಾರ್ಥ ಕಾಫಿಯಾಗಿರಲಿ, ಏಲಕ್ಕಿಯಾಗಿರಲಿ, ದ್ರಾಕ್ಷಾರಸವಾಗಿರಲಿ, ಈ ಹತ್ತಿಳಿಯುವಿಕೆಯಲ್ಲಿ ಗುಡ್ಡಕ್ಕೆ ಉಳಿಯುವುದೆಷ್ಟು, ಗುಡ್ಡದಿಂದ ಹೋಗುವುದೆಷ್ಟು ಎಂಬುದು ಮಲೆನಾಡಿನವರು ಕೇಳಲೇಬೇಕಾದ ಪ್ರಶ್ನೆ. ಕ್ಯಾಟಲೋನಿಯಾದ ಪ್ರಿಯೊರಾಟ್ ಎಂಬ ಗುಡ್ಡನಾಡಿನಲ್ಲಿ ಈ ಪ್ರಶ್ನೆಗೆ ಸಿಗುವ ಉತ್ತರ ಕಹಿಯಾಗಿದೆ. ಒಂದೇ ಹಗಲಿನಲ್ಲಿ ನೋಡಿ ಮುಗಿಸುವ ಪ್ರವಾಸವು ಗುಡ್ಡದ ಎಲ್ಲವನ್ನೂ ತೋರಿಸುತ್ತದೆ, ನೀರನ್ನು ಮಾತ್ರ ತೋರಿಸುವುದಿಲ್ಲ. ಅಲ್ಲಿನ ಜನರ ಜಗಳವಿರುವುದೋ ನೀರಿನದೇ.

ಹತ್ತಿರದ ದಾರಿಯನ್ನು ಮೊದಲು ನೋಡಬಹುದು. ಬಾರ್ಸಿಲೋನಾದಿಂದ ಸುಮಾರು 45 ಕಿ.ಮೀ. ದೂರದ ಪೆನೆದೆಸ್ ಸೀಮೆ ‘ಕಾವಾ’ ಎಂಬ ನೊರೆ ವೈನಿನ ತವರು. ಅಲ್ಲಿನ ಸಾಂಟ್ ಸದುರ್ನಿ ಪಟ್ಟಣಕ್ಕೆ ನಗರದಿಂದ ರೈಲಿನಲ್ಲಿ ಒಂದು ಗಂಟೆಯೂ ಹಿಡಿಯದು. 1872ರಲ್ಲಿ ಜೋಸೆಪ್ ರವೆಂತೋಸ್ ಎಂಬಾತ ಇಲ್ಲಿ ಮೊದಲ ಬಾರಿಗೆ ಫ್ರಾನ್ಸಿನ ಶಾಂಪೇನ್ ಮಾದರಿಯಲ್ಲಿ ವೈನ್ ಮಾಡಿದ. ಆ ಕುಟುಂಬದ ಕೊದೊರ್ನ್ಯು ಸಂಸ್ಥೆಗಾಗಿ ವಾಸ್ತುಶಿಲ್ಪಿ ಪುಯಿಗ್ ಇ ಕದಫಾಲ್ಕ್ ಕಟ್ಟಿದ ಕಮಾನುಗಳ ಭವನವೂ, ಅದರ ಕೆಳಗೆ ಕಿಲೋಮೀಟರುಗಟ್ಟಲೆ ಹಬ್ಬಿರುವ ನೆಲಮಾಳಿಗೆಗಳೂ ನಿಜಕ್ಕೂ ನೋಡತಕ್ಕವು. ಪ್ರವಾಸಿಗರನ್ನು ಪುಟ್ಟ ರೈಲಿನಲ್ಲಿ ಕೂರಿಸಿ ಆ ಸುರಂಗಗಳಲ್ಲಿ ಸುತ್ತಿಸಲಾಗುತ್ತದೆ. ತಲೆಮಾರುಗಳ ಕುಟುಂಬ ಪರಂಪರೆಯ ಕಥೆ ಹೇಳಲಾಗುತ್ತದೆ. ಕೊದೊರ್ನ್ಯುವಿನ ಬಹುಪಾಲು ಒಡೆತನ 2018ರಲ್ಲಿ ಅಮೆರಿಕದ ಕಾರ್ಲೈಲ್ ಎಂಬ ಹೂಡಿಕೆ ಸಂಸ್ಥೆಗೆ ಹೋಯಿತು. ಅದೇ ವರ್ಷ ನೆರೆಯ ಫ್ರೆಶೆನೆಟ್ ಸಂಸ್ಥೆಯ ಅರ್ಧಕ್ಕಿಂತ ತುಸು ಹೆಚ್ಚು ಪಾಲು ಜರ್ಮನಿಯ ಹೆಂಕೆಲ್ ಕಂಪನಿಯ ಕೈಸೇರಿತು. ಪರಂಪರೆ ಪ್ರದರ್ಶನಕ್ಕೆ ಉಳಿಯಿತು, ಒಡೆತನ ಊರಾಚೆಗೆ ಸಾಗಿತು.

ಆದರೂ ಪೆನೆದೆಸ್ ಬಗ್ಗೆ ಹೆಚ್ಚು ಬರೆಯಬೇಕಾಗಿಲ್ಲ. ಅದು ತಗ್ಗಿನ ಸೀಮೆ, ನಗರಕ್ಕೆ ತೀರ ಹತ್ತಿರ. ಅಲ್ಲಿನ ಕಷ್ಟವೆಲ್ಲ ದ್ರಾಕ್ಷಿಯ ಬೆಲೆಯದು. ಬೆಳೆಗಾರನಿಗೆ ಕಿಲೋಗೆ ಸಿಗುವ ದರ ದುಡಿಮೆಯ ಖರ್ಚಿಗೂ ಸಾಲದೆಂದು ಅಲ್ಲಿನ ರೈತರು ಪ್ರತಿಭಟಿಸುತ್ತ ಬಂದಿದ್ದಾರೆ. ಕೈಯಿಂದಲೇ ಕೊಯ್ಲು, ಸಾವಯವ ಬೇಸಾಯ ಎಂಬ ಕಟ್ಟುಪಾಡಿನ ಕೆಲವು ಉತ್ಪಾದಕರು 2019ರ ಆರಂಭದಲ್ಲಿ ಕಾವಾ ಎಂಬ ಹೆಸರನ್ನೇ ತೊರೆದು ‘ಕೊರ್ಪಿನಾಟ್’ ಎಂಬ ಬೇರೆ ಗುಂಪು ಕಟ್ಟಿಕೊಂಡರು. ಅವರ ತೋಟಗಳಿಗೆ ಹೋಗುವವರು ಕನಿಷ್ಠಪಕ್ಷ ಮಣ್ಣನ್ನಾದರೂ ಮುಟ್ಟಿ ಬರುತ್ತಾರೆ.

ಪ್ರಿಯೊರಾಟ್: ಸ್ಲೇಟು ಕಲ್ಲಿನ ಬೆಟ್ಟ

ದೂರದ ದಾರಿ ನೈಋತ್ಯಕ್ಕೆ ಹೋಗುತ್ತದೆ. ಸುಮಾರು 150 ಕಿ.ಮೀ., ಎರಡು ಗಂಟೆಯ ಪಯಣ. ಹೆದ್ದಾರಿ ಬಿಟ್ಟೊಡನೆ ತಿರುವು ರಸ್ತೆ, ಕಡಿದಾದ ಇಳಿಜಾರು, ಬೆಟ್ಟದ ನೆತ್ತಿಗೆ ಅಂಟಿಕೊಂಡ ಪುಟ್ಟ ಹಳ್ಳಿಗಳು. ಫಾಲ್ಸೆಟ್ ಈ ಸೀಮೆಯ ಕೇಂದ್ರ ಪಟ್ಟಣ. ಗ್ರಾಟಲೋಪ್ಸ್, ಪೊರ್ರೇರಾ, ಪೊಬೊಲೆದಾ, ತೊರ್ರೋಜಾ ಮೊದಲಾದವು ಹಳ್ಳಿಗಳು. ಒಂದೊಂದರಲ್ಲೂ ಕೆಲವು ನೂರು ಜನ. ಇಡೀ ಸೀಮೆಯ ಜನಸಂಖ್ಯೆ ಹತ್ತು ಸಾವಿರವನ್ನೂ ಮುಟ್ಟುವುದಿಲ್ಲ. 19ನೇ ಶತಮಾನದಲ್ಲಿ ಇದರ ಎರಡು ಪಟ್ಟಿಗೂ ಹೆಚ್ಚು ಜನ ಇಲ್ಲಿದ್ದರು.

ಇಲ್ಲಿನ ನೆಲವನ್ನು ಸ್ಥಳೀಯರು ‘ಲಿಕೊರೆಲ್ಯಾ’ ಎನ್ನುತ್ತಾರೆ. ಶಾಲೆಯ ಹಲಗೆಗೆ ಬಳಸುತ್ತಿದ್ದಂತಹ ಸ್ಲೇಟು ಕಲ್ಲು, ಪದರ ಪದರವಾಗಿ ಒಡೆಯುವಂಥದ್ದು, ಮೇಲೆ ಮಣ್ಣೆಂಬುದು ಬೊಗಸೆಯಷ್ಟು. ಬಳ್ಳಿಯ ಬೇರು ನೀರನ್ನು ಹುಡುಕುತ್ತ ಕಲ್ಲಿನ ಸೀಳುಗಳಲ್ಲಿ ಹಲವು ಮೀಟರು ಆಳಕ್ಕೆ ಇಳಿಯುತ್ತದೆ. ವರ್ಷದ ಮಳೆ 400ರಿಂದ 600 ಮಿ.ಮೀ. ಆಗುಂಬೆಯ ಏಳು ಸಾವಿರ ಮಿ.ಮೀ. ಮಳೆಯನ್ನು ಬಲ್ಲವರಿಗೆ ಇದು ಮಳೆಯೆಂದೇ ಅನ್ನಿಸಲಿಕ್ಕಿಲ್ಲ. ಮಲೆನಾಡಿನ ಜುಲೈ ತಿಂಗಳ ಒಂದು ಜೋರು ವಾರದಲ್ಲಿ ಸುರಿಯುವಷ್ಟನ್ನು ಅಲ್ಲಿನ ಬಳ್ಳಿ ಇಡೀ ವರ್ಷ ಹಂಚಿಕೊಂಡು ಬದುಕಬೇಕು. ಗರ್ನಾಚಾ, ಕರಿನ್ಯೇನಾ ಎಂಬ ಎರಡು ಹಳೆಯ ತಳಿಗಳು ಈ ಬಡತನಕ್ಕೆ ಒಗ್ಗಿವೆ. ನೂರು ವರ್ಷ ಕಂಡ ಬಳ್ಳಿಯೊಂದು ಕೊಡುವ ಹಣ್ಣು ಎಷ್ಟೋ ಕಡೆ ಒಂದು ಕಿಲೋಗೂ ಕಡಿಮೆ. ಬೇರೆಡೆ ಇದನ್ನು ನಷ್ಟದ ಬೆಳೆ ಎನ್ನುತ್ತಾರೆ. ಇಲ್ಲಿ ಅದೇ ಕೀರ್ತಿಯ ಮೂಲ.

ಆ ಕೀರ್ತಿ ಹಳೆಯದಲ್ಲ. 12ನೇ ಶತಮಾನದ ಕೊನೆಗೆ ಕಾರ್ತೂಸಿಯನ್ ಸನ್ಯಾಸಿಗಳು ಮೊಂಟ್‌ಸಾಂಟ್ ಬೆಟ್ಟಸಾಲಿನ ಬುಡದಲ್ಲಿ ‘ಸ್ಕಾಲಾ ದೇಯಿ’, ಅಂದರೆ ದೇವರ ಏಣಿ, ಎಂಬ ಮಠ ಕಟ್ಟಿದರು. ದ್ರಾಕ್ಷಿ ಬೇಸಾಯವನ್ನು ಬೆಳೆಸಿದವರು ಅವರು. ಮಠಾಧಿಪತಿಯ ಪದವಿಯಿಂದಲೇ ಸೀಮೆಗೆ ಪ್ರಿಯೊರಾಟ್ ಎಂಬ ಹೆಸರು ಬಂತು. 1835ರಲ್ಲಿ ಸರಕಾರ ಮಠಗಳ ಆಸ್ತಿಯನ್ನು ಮುಟ್ಟುಗೋಲು ಹಾಕಿಕೊಂಡಾಗ ಮಠ ಬರಿದಾಗಿ ಹಾಳುಬಿತ್ತು. ಬಳಿಕ ಫ್ರಾನ್ಸಿನ ತೋಟಗಳನ್ನು ಫೈಲೊಕ್ಸೆರಾ ಎಂಬ ಬೇರು ಹೀರುವ ಕೀಟ ನಾಶಮಾಡಿದ ಕಾಲದಲ್ಲಿ ಸ್ಪೇನಿನ ವೈನಿಗೆ ಅಪಾರ ಬೇಡಿಕೆ ಹುಟ್ಟಿ, ಪ್ರಿಯೊರಾಟಿನ ಬೆಟ್ಟಗಳು ಬುಡದಿಂದ ತುದಿಯವರೆಗೆ ದ್ರಾಕ್ಷಿಯಿಂದ ತುಂಬಿದವು. 1890ರ ದಶಕದಲ್ಲಿ ಅದೇ ಕೀಟ ಇಲ್ಲಿಗೂ ಬಂತು. ಹತ್ತಾರು ವರ್ಷಗಳ ಸಮೃದ್ಧಿ ಕೆಲವೇ ವರ್ಷಗಳಲ್ಲಿ ಕುಸಿಯಿತು. ಜನ ಗುಳೆ ಹೋದರು. ದೂರದ ಮಾರುಕಟ್ಟೆಯನ್ನು ನಂಬಿ ಒಂದೇ ಬೆಳೆಗೆ ಬೆಟ್ಟವನ್ನೆಲ್ಲ ಒಪ್ಪಿಸಿದರೆ ಏನಾಗುತ್ತದೆಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ. ಅಡಿಕೆಯ ಧಾರಣೆ ಏರಿದಾಗಲೆಲ್ಲ ಗದ್ದೆ ಮುಚ್ಚಿ ತೋಟ ಮಾಡುವವರು ಇದನ್ನು ನೆನೆಯುವುದು ಲೇಸು. ಒಮ್ಮೆ ಸುಮಾರು 5,000 ಹೆಕ್ಟೇರ್ ಇದ್ದ ದ್ರಾಕ್ಷಿ ಭೂಮಿ 1970ರ ದಶಕದ ಕೊನೆಗೆ 600 ಹೆಕ್ಟೇರಿನಷ್ಟಕ್ಕೆ ಇಳಿದಿತ್ತು. ಉಳಿದದ್ದರಲ್ಲಿ ಪೈನ್ ಮರಗಳೂ ಪೊದೆಯೂ ಹಬ್ಬಿದವು.

1980ರ ದಶಕದಲ್ಲಿ ರೆನೆ ಬಾರ್ಬಿಯೆ, ರಿಯೋಹಾ ಸೀಮೆಯಿಂದ ಬಂದ ಆಲ್ವಾರೊ ಪಲಾಸಿಯೊಸ್ ಮೊದಲಾದ ಕೆಲವರು ಗ್ರಾಟಲೋಪ್ಸ್‌ನಲ್ಲಿ ನೆಲೆನಿಂತು, ಪಾಳುಬಿದ್ದ ಹಳೆಯ ಬಳ್ಳಿಗಳನ್ನು ಹುಡುಕಿ, 1989ರಲ್ಲಿ ಒಟ್ಟಾಗಿ ತಮ್ಮ ಮೊದಲ ವೈನ್ ಮಾಡಿದರು. ಹತ್ತೇ ವರ್ಷಗಳಲ್ಲಿ ಅವರ ಬಾಟಲಿಗಳು ಜಗತ್ತಿನ ದುಬಾರಿ ವೈನುಗಳ ಸಾಲಿಗೆ ಸೇರಿದವು. ವೈನಿಗೆ ಸ್ಪೇನ್ ಕೊಡುವ ಅತ್ಯುಚ್ಚ ದರ್ಜೆ ಈವರೆಗೆ ಎರಡೇ ಸೀಮೆಗಳಿಗೆ ಸಿಕ್ಕಿದೆ: ರಿಯೋಹಾ ಮತ್ತು ಪ್ರಿಯೊರಾಟ್. ಇಂದು ಸುಮಾರು 2,000 ಹೆಕ್ಟೇರಿನಲ್ಲಿ ದ್ರಾಕ್ಷಿ ಇದೆ, ನೂರಕ್ಕೂ ಹೆಚ್ಚು ವೈನರಿಗಳಿವೆ. (ಅದೇ 1989ರ ಅಕ್ಟೋಬರಿನಲ್ಲಿ, ಇಲ್ಲಿಂದ ದೂರವೇನೂ ಇಲ್ಲದ ವಂದೆಲ್ಯೋಸ್ ಅಣುಸ್ಥಾವರದಲ್ಲಿ ಬೆಂಕಿ ಹತ್ತಿ, ಆ ಘಟಕ ಶಾಶ್ವತವಾಗಿ ಮುಚ್ಚಿತು. ಇನ್ನೊಂದು ಪಕ್ಕಕ್ಕೆ ಎಬ್ರೊ ನದಿಯ ದಡದಲ್ಲಿ ಆಸ್ಕೊ ಅಣುಸ್ಥಾವರವಿದೆ. ಕೈಗಾವನ್ನು ಬಲ್ಲ ಓದುಗರಿಗೆ ಇಂತಹ ನೆರೆಹೊರೆಯ ಬಗ್ಗೆ ಹೇಳಬೇಕಾದದ್ದಿಲ್ಲ. ಪ್ರವಾಸದ ಕರಪತ್ರಗಳಲ್ಲಿ ಮಾತ್ರ ಈ ಎರಡು ಹೆಸರುಗಳು ಇರುವುದಿಲ್ಲ.)

ಬುಲ್ಡೋಜರ್ ಕೊರೆದ ಮೆಟ್ಟಿಲುಗಳು

ವ್ಯಾನಿನಿಂದ ಇಳಿದವರಿಗೆ ಮೊದಲು ಕಾಣುವುದು ಬೆಟ್ಟಕ್ಕೆ ಸುತ್ತಿದ ಮೆಟ್ಟಿಲು ತೋಟಗಳು. ಎಲ್ಲರೂ ಅಲ್ಲೇ ನಿಂತು ಚಿತ್ರ ತೆಗೆದುಕೊಳ್ಳುತ್ತಾರೆ. ಶತಮಾನಗಳ ಕಾಯಕ ಇದು ಎಂದು ಭಾವಿಸುತ್ತಾರೆ. ಅದರಲ್ಲಿ ಅರ್ಧವಷ್ಟೇ ನಿಜ. ಹಳೆಯ ಮೆಟ್ಟಿಲುಗಳು ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಕಿರಿದಾದ ಪಟ್ಟಿಗಳು. ಹೇಸರಗತ್ತೆ ಮತ್ತು ಮನುಷ್ಯ ಅಷ್ಟೇ ಓಡಾಡಬಹುದಾದವು. ಈ ಕಲ್ಲುಕಟ್ಟಣೆಯ ವಿದ್ಯೆಯನ್ನು ಸ್ಪೇನ್ ಸೇರಿದಂತೆ ಎಂಟು ದೇಶಗಳ ಪರವಾಗಿ ಯುನೆಸ್ಕೊ 2018ರಲ್ಲಿ ಮಾನವ ಪರಂಪರೆಯ ಪಟ್ಟಿಗೆ ಸೇರಿಸಿತು. ಇನ್ನು ಕೆಲವೆಡೆ ಮೆಟ್ಟಿಲೇ ಇಲ್ಲ. ಕಡಿದಾದ ಇಳಿಜಾರಿನಲ್ಲೇ ಬಳ್ಳಿ ನೆಟ್ಟು, ಜಾರುವ ಕಲ್ಲಿನ ಮೇಲೆ ಕಾಲೂರಿ ಕೊಯ್ಯುತ್ತಾರೆ.

ಅಗಲವಾದ, ನುಣುಪಾದ, ಟ್ರ್ಯಾಕ್ಟರ್ ಸಲೀಸಾಗಿ ಓಡುವಂತಹ ಮೆಟ್ಟಿಲುಗಳ ಕಥೆ ಬೇರೆ. ಅವುಗಳನ್ನು ಕೊರೆದದ್ದು ಬುಲ್ಡೋಜರ್. 2000ದ ನಂತರ ದ್ರಾಕ್ಷಿ ತೋಟಗಳ ಪುನರ್ರಚನೆಗೆಂದು ಐರೋಪ್ಯ ಒಕ್ಕೂಟ ಸಹಾಯಧನ ನೀಡತೊಡಗಿದಾಗ ಯಂತ್ರಗಳು ಬೆಟ್ಟ ಹತ್ತಿದವು. ಲೆಯಿದಾ ವಿಶ್ವವಿದ್ಯಾಲಯದ ಮಣ್ಣು ವಿಜ್ಞಾನಿಗಳು ಇದನ್ನು ಅಭ್ಯಾಸಮಾಡಿ, ಯಂತ್ರಗಳು ಮೇಲಿನ ಮಣ್ಣನ್ನು ಅಡಿಮೇಲು ಮಾಡಿದ್ದನ್ನೂ, ಭೂದೃಶ್ಯ ಬದಲಾದದ್ದನ್ನೂ ಆ ದಶಕದಲ್ಲಿಯೇ ಪ್ರಕಟಿಸಿದರು. ಕಲ್ಲಿನ ಆಧಾರವಿಲ್ಲದ ಎತ್ತರದ ಮಣ್ಣಿನ ಗೋಡೆ ದೊಡ್ಡ ಮಳೆಗೆ ಜರಿಯುವುದರಲ್ಲಿ ಆಶ್ಚರ್ಯವಿಲ್ಲ. ರೆಸಾರ್ಟಿನ ರಸ್ತೆಗೆಂದು ಜೆಸಿಬಿ ಗುಡ್ಡ ಸೀಳಿದ ನಂತರ ಮೊದಲ ಮಳೆಗಾಲದಲ್ಲೇ ಆಗುವುದನ್ನು ಕೊಡಗಿನವರೂ ಮೂಡಿಗೆರೆಯವರೂ ಕಂಡಿದ್ದಾರೆ. ಗುಡ್ಡ ಉಳಿಸಲೆಂದು ಕೊಟ್ಟ ಹಣವೇ ಗುಡ್ಡ ಕೊರೆಯಲು ಬಳಕೆಯಾದದ್ದು ಸಹಾಯಧನಗಳ ಹಳೆಯ ಚಾಳಿ. ಅಲ್ಲಿನ ಹಲವು ಬೆಳೆಗಾರರು ಈಗ ಮತ್ತೆ ಇಳಿಜಾರಿನಲ್ಲೇ ನೆಡುತ್ತ, ಹೇಸರಗತ್ತೆಯಿಂದ ಉಳುತ್ತ ಇರುವುದು ಸಮಾಧಾನದ ಸಂಗತಿ.

ಈ ಎರಡು ಬಗೆಯ ಮೆಟ್ಟಿಲುಗಳ ಅಂತರವನ್ನು ಗುರುತಿಸಲು ಪ್ರವಾಸಿಗೆ ಅರ್ಧ ತಾಸಿನ ನಡಿಗೆ ಸಾಕು. ಆದರೆ ಎರಡನೆಯ ವೈನರಿಯಲ್ಲಿ ಹನ್ನೆರಡೂವರೆಗೆ ರುಚಿ ನೋಡುವ ಸಮಯ ಗೊತ್ತುಮಾಡಲಾಗಿದೆ, ವ್ಯಾನು ಹೊರಡಲೇಬೇಕು.

ನದಿ ಎಲ್ಲಿ ಹೋಯಿತು

ಪ್ರಾದೆಸ್ ಬೆಟ್ಟಗಳಲ್ಲಿ ಹುಟ್ಟುವ ಸಿಯುರಾನಾ ನದಿ ಪೊಬೊಲೆದಾ, ತೊರ್ರೋಜಾ, ಗ್ರಾಟಲೋಪ್ಸ್‌ಗಳ ಕೆಳಗೆ ಬಳಸಿಕೊಂಡು ಹೋಗಿ ಎಬ್ರೊ ನದಿಯನ್ನು ಸೇರಬೇಕು. ಸೇರಬೇಕು ಎಂದಷ್ಟೇ ಹೇಳಬಹುದು. ಕೊರ್ನುದೆಲ್ಯಾ ಹಳ್ಳಿಯ ಬಳಿ 1972ರಲ್ಲಿ ಮುಗಿದ ಅಣೆಕಟ್ಟು ಈ ನದಿಯ ನೀರನ್ನು ಹಿಡಿದು, ಬೆಟ್ಟದ ಇನ್ನೊಂದು ಮಗ್ಗುಲಿಗೆ, ಬೇರೆಯದೇ ಜಲಾನಯನ ಪ್ರದೇಶದ ರಿಯುದೆಕಾನ್ಯೆಸ್ ಜಲಾಶಯಕ್ಕೆ ಕಳುಹಿಸುತ್ತದೆ. ಅಲ್ಲಿಂದ ಅದು ಕರಾವಳಿ ಬಯಲಿನ ತೋಟಗಳಿಗೂ ರೆಯುಸ್ ನಗರಕ್ಕೂ ಹಂಚಿಕೆಯಾಗುತ್ತದೆ. ಸಿಯುರಾನಾ ಜಲಾಶಯ ದೊಡ್ಡದೇನಲ್ಲ. ಅದರ ಸಾಮರ್ಥ್ಯ ಸುಮಾರು 12 ದಶಲಕ್ಷ ಘನ ಮೀಟರ್; ಕರ್ನಾಟಕದ ಲೆಕ್ಕದಲ್ಲಿ ಅರ್ಧ ಟಿಎಂಸಿಯೂ ಅಲ್ಲ. ಲಿಂಗನಮಕ್ಕಿಯ 150 ಟಿಎಂಸಿಯ ಪಕ್ಕದಲ್ಲಿ ಅದು ಕೆರೆಯಷ್ಟೇ. ಆದರೆ 500 ಮಿ.ಮೀ. ಮಳೆಯ ಸೀಮೆಯಲ್ಲಿ ಆ ಕೆರೆಯೇ ಸರ್ವಸ್ವ.

2021ರಿಂದ 2024ರವರೆಗೆ ಕ್ಯಾಟಲೋನಿಯಾ ತನ್ನ ದಾಖಲೆಗಳಲ್ಲೇ ಅತ್ಯಂತ ಕಠಿಣವಾದ ಬರವನ್ನು ಕಂಡಿತು. ಸಿಯುರಾನಾ ಜಲಾಶಯದ ಸಂಗ್ರಹ ಶೇ. 5ಕ್ಕಿಂತ ಕೆಳಗಿಳಿಯಿತು. ಅಣೆಕಟ್ಟಿನ ಕೆಳಗೆ ನದಿಯ ಪಾತ್ರ ಒಣಗಿತು. ಪ್ರಿಯೊರಾಟಿನ ಕೆಲವು ಹಳ್ಳಿಗಳಿಗೆ ಕುಡಿಯುವ ನೀರನ್ನು ಟ್ಯಾಂಕರುಗಳಲ್ಲಿ ಒಯ್ಯಬೇಕಾಯಿತು. ನೀರಾವರಿಯನ್ನೇ ಕಾಣದೆ ದಶಕಗಳನ್ನು ಕಳೆದ ಹಳೆಯ ಬಳ್ಳಿಗಳು ಸಹ ಒಣಗತೊಡಗಿದವು. ಆಳಕ್ಕೆ ಇಳಿದ ಬೇರಿಗೂ ತಲುಪದಷ್ಟು ನೆಲ ಬತ್ತಿತ್ತು. ನೀರು ಹುಟ್ಟುವ ಬೆಟ್ಟದಲ್ಲಿ ಟ್ಯಾಂಕರು. ಆ ನೀರನ್ನು ಪಡೆವ ಹಕ್ಕು ಬೆಟ್ಟದಾಚೆಯ ಬಯಲಿಗೆ. ನದಿಯಲ್ಲಿ ಕನಿಷ್ಠ ಹರಿವನ್ನಾದರೂ ಉಳಿಸಿ ಎಂದು ಆ ಹಳ್ಳಿಗಳ ಜನ ವೇದಿಕೆ ಕಟ್ಟಿಕೊಂಡು ಕೇಳುತ್ತಿದ್ದಾರೆ. ಅವರ ಬೇಡಿಕೆ ಅತಿಯಾದದ್ದೇನಲ್ಲ: ನದಿಗೆ ಮೊದಲ ಪಾಲು, ಆಮೇಲೆ ಮಿಕ್ಕವರಿಗೆ.

ನಗರದ ಕಡೆಯ ಚಿತ್ರವನ್ನೂ ನೋಡಬೇಕು. ಬಾರ್ಸಿಲೋನಾ ಸಿಯುರಾನಾದ ನೀರನ್ನು ಕುಡಿಯುವುದಿಲ್ಲ. ಆದರೆ ಅದೂ ಕುಡಿಯುವುದು ಗುಡ್ಡದ ನೀರನ್ನೇ. ಉತ್ತರದ ತೆರ್ ನದಿಯ ನೀರನ್ನು 1960ರ ದಶಕದಿಂದ ಕೊಳವೆಯಲ್ಲಿ ನಗರಕ್ಕೆ ತರಲಾಗುತ್ತಿದೆ. 2024ರ ಫೆಬ್ರವರಿ 1ರಂದು ಬಾರ್ಸಿಲೋನಾ ಮತ್ತು ಸುತ್ತಲಿನ ಊರುಗಳಿಗೆ ಬರದ ತುರ್ತುಸ್ಥಿತಿ ಘೋಷಣೆಯಾಯಿತು. ಸುಮಾರು 60 ಲಕ್ಷ ಜನರಿಗೆ ತಲಾ ದಿನಕ್ಕೆ 200 ಲೀಟರಿನ ಮಿತಿ ಬಿತ್ತು. ಅದೇ ಏಪ್ರಿಲಿನಲ್ಲಿ ಪೆನೆದೆಸ್‌ನ ಫ್ರೆಶೆನೆಟ್, ಬರದಿಂದ ದ್ರಾಕ್ಷಿ ಸಿಗದ ಕಾರಣ ನೀಡಿ, 615 ನೌಕರರನ್ನು ತಾತ್ಕಾಲಿಕವಾಗಿ ಕೆಲಸದಿಂದ ಬಿಡಿಸುವ ಪ್ರಸ್ತಾವ ಮುಂದಿಟ್ಟಿತು. ಆ ವಸಂತದ ಮಳೆ ತುಸು ಬಿಡುವು ಕೊಟ್ಟಿತು, 2025ರ ಮಾರ್ಚಿನ ಮಳೆ ಜಲಾಶಯಗಳನ್ನು ಮತ್ತೆ ತುಂಬಿಸಿತು. ಮಳೆ ಬಂದೊಡನೆ ಬರದ ಪಾಠ ಮರೆಯುವುದು ಎಲ್ಲ ದೇಶಗಳ ಸರಕಾರಗಳಿಗೂ ಸಮಾನವಾದ ಗುಣ.

ಒಂದು ಲೋಟ, ಅಂದರೆ 125 ಮಿಲಿಲೀಟರ್ ವೈನಿನ ಹಿಂದೆ ಜಗತ್ತಿನ ಸರಾಸರಿಯಲ್ಲಿ ಸುಮಾರು 110 ಲೀಟರ್ ನೀರು ಇದೆಯೆಂದು ಜಲ ಹೆಜ್ಜೆಗುರುತಿನ ಲೆಕ್ಕಾಚಾರ ಹೇಳುತ್ತದೆ. ಈ ಅಂಕಿಯನ್ನು ಎತ್ತಿ ಹಿಡಿದು ವೈನನ್ನೇ ದೂಷಿಸುವವರಿದ್ದಾರೆ. ಅದು ಅವಸರದ ತೀರ್ಪು. ಅದರಲ್ಲಿ ಬಹುಪಾಲು ಬಳ್ಳಿಯ ಮೇಲೆ ತಾನಾಗಿ ಬಿದ್ದ ಮಳೆ. ಮಳೆಯಾಶ್ರಿತ ಬಳ್ಳಿ ನದಿಯಿಂದ ಏನನ್ನೂ ಕಸಿಯುವುದಿಲ್ಲ. ಸ್ಪೇನಿನಲ್ಲಿ 1990ರ ದಶಕದ ನಡುಭಾಗದವರೆಗೆ ದ್ರಾಕ್ಷಿಗೆ ನೀರು ಹಾಯಿಸುವುದಕ್ಕೆ ಕಾನೂನಿನ ನಿರ್ಬಂಧವೇ ಇತ್ತು. ಅದು ಸಡಿಲಗೊಂಡ ಮೇಲೆ ಹನಿ ನೀರಾವರಿಯ ಕೊಳವೆಗಳು ತೋಟಗಳಿಗೆ ಬಂದವು. ಹಾಗಾಗಿ ಬಾಟಲಿಯ ಮೇಲೆ ಊರಿನ ಹೆಸರು, ತಳಿಯ ಹೆಸರು ಹುಡುಕುವ ರಸಿಕರು ಕೇಳಬೇಕಾದ ಮೊದಲ ಪ್ರಶ್ನೆ ಬೇರೆಯದು: ಈ ಬಳ್ಳಿ ಮಳೆಯ ನೀರು ಕುಡಿದದ್ದೋ, ಕೊಳವೆಯದೋ? ರುಚಿ ನೋಡುವ ಕೋಣೆಯಲ್ಲಿ ಮಣ್ಣಿನ ಪರಿಮಳ, ಹಣ್ಣಿನ ಪರಿಮಳ, ಓಕ್ ಪೀಪಾಯಿಯ ಪರಿಮಳಗಳ ಬಗ್ಗೆ ದೀರ್ಘ ವ್ಯಾಖ್ಯಾನ ನಡೆಯುತ್ತದೆ. ನೀರಿನ ಮಾತು ಬರುವುದು ಲೋಟ ತೊಳೆಯುವಾಗ ಮಾತ್ರ.

ಇದೆಲ್ಲ ದೂರದ ದೇಶದ ಸಂಗತಿ ಎಂದುಕೊಳ್ಳುವ ಮುನ್ನ ಒಂದು ಮಾತು. ಕರ್ನಾಟಕ ಸರಕಾರ 2007ರಲ್ಲಿ ವೈನ್ ನೀತಿ ತಂದ ಮೇಲೆ, ಬೆಂಗಳೂರಿನಿಂದ ದೊಡ್ಡಬಳ್ಳಾಪುರ ಮತ್ತು ನಂದಿಬೆಟ್ಟದ ತಪ್ಪಲಿಗೂ ಹಗಲು ವೈನ್ ಪ್ರವಾಸ ರೂಢಿಯಾಗಿದೆ. ಅಂತರ್ಜಲ ಮಿತಿಮೀರಿ ಬಳಕೆಯಾದ ಸೀಮೆ ಅದು. ಆ ಜಿಲ್ಲೆಗಳಿಗೆ ನೀರುಣಿಸುವ ಭರವಸೆಯೊಡನೆ ಸಕಲೇಶಪುರದ ಬೆಟ್ಟಗಳಲ್ಲಿ ಎತ್ತಿನಹೊಳೆ ಯೋಜನೆ ಜಾರಿಯಾಗಿ, ಅದರ ಮೊದಲ ಹಂತ 2024ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಗೊಂಡಿತು. ಬಯಲಿನ ಜನರ ಬಾಯಾರಿಕೆ ಸುಳ್ಳಲ್ಲ. ರೆಯುಸ್‌ನ ಜನರದೂ ಸುಳ್ಳಲ್ಲ. ಆದರೆ ಸಿಯುರಾನಾದ ಅರ್ಧ ಶತಮಾನದ ಅನುಭವ ಎತ್ತಿನಹೊಳೆಯ ದಂಡೆಯಲ್ಲಿರುವವರಿಗೆ ಪಠ್ಯಪುಸ್ತಕದಂತಿದೆ. ತಿರುಗಿಸಿದ ನೀರಿಗೆ ಒಮ್ಮೆ ಹಕ್ಕುದಾರರು ಹುಟ್ಟಿದ ಮೇಲೆ, ಬರಗಾಲದಲ್ಲಿ ಮೊದಲು ಒಣಗುವುದು ನದಿ.

ಹಗಲು ಅತಿಥಿಯ ಲೆಕ್ಕ

ಪ್ರವಾಸಿಗರೇ ಬೇಡ ಎನ್ನುವುದು ಸುಲಭ, ನ್ಯಾಯವಲ್ಲ. ಜಗತ್ತಿನಲ್ಲಿ ವೈನಿನ ಬಳಕೆ ಕುಗ್ಗುತ್ತಿದೆ. 2024ರ ಬಳಕೆ 1961ರ ನಂತರದಲ್ಲೇ ಕನಿಷ್ಠವೆಂದು ಅಂತಾರಾಷ್ಟ್ರೀಯ ದ್ರಾಕ್ಷಿ ಮತ್ತು ವೈನ್ ಸಂಘಟನೆ ಅಂದಾಜಿಸಿದೆ. ಮಾರಾಟ ಕುಸಿದಾಗ ಸಣ್ಣ ಬೆಳೆಗಾರನಿಗೆ ಬಾಗಿಲಿಗೆ ಬಂದು ಆರು ಬಾಟಲಿ ಕೊಳ್ಳುವ ಅತಿಥಿ ಆಸರೆಯೇ. ಬೆಳೆಗಾರ ಬೆಟ್ಟದಲ್ಲಿ ಉಳಿಯುವುದು ಕಾಡಿಗೂ ಬೇಕು. ಪಾಳುಬಿದ್ದ ಮೆಟ್ಟಿಲುಗಳ ಮೇಲೆ ಒತ್ತಾಗಿ ಬೆಳೆದ ಪೈನ್ ಕಾಡು ಬೇಸಿಗೆಯಲ್ಲಿ ಮದ್ದಿನ ಮನೆಯಂತಾಗುತ್ತದೆ. ನೆರೆಯ ರಿಬೇರಾ ದೆಬ್ರೆ ಸೀಮೆಯಲ್ಲಿ 2019ರ ಜೂನ್ ತಿಂಗಳ ಬೆಂಕಿ ಸಾವಿರಾರು ಹೆಕ್ಟೇರುಗಳನ್ನು ನುಂಗಿತು. ನಡುನಡುವೆ ಉತ್ತ ದ್ರಾಕ್ಷಿ ತೋಟ, ಆಲಿವ್, ಬಾದಾಮಿಗಳು ಇದ್ದಲ್ಲಿ ಬೆಂಕಿಯ ಓಟಕ್ಕೆ ತಡೆಯಿದೆ. ಇಂತಹ ಮಿಶ್ರ ಭೂದೃಶ್ಯವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಬೇಕೆಂದು ಪ್ರಿಯೊರಾಟಿನವರು ಶ್ರಮಿಸುತ್ತಿರುವುದು ಅರ್ಥಪೂರ್ಣವಾಗಿದೆ. ಆದ್ದರಿಂದ ಆಕ್ಷೇಪ ಅತಿಥಿಯ ಮೇಲಲ್ಲ, ಅವನು ಬರುವ ಬಗೆಯ ಮೇಲೆ.

ಹಗಲು ಪ್ರವಾಸದ ಹಣದ ಹಾದಿಯನ್ನು ಅರಸಿದರೆ ವಿಷಯ ಸ್ಪಷ್ಟವಾಗುತ್ತದೆ. ಮುಂಗಡ ನೋಂದಣಿ ನಗರದ ಸಂಸ್ಥೆಯಲ್ಲಿ, ವ್ಯಾನು ನಗರದ್ದು, ಮಾರ್ಗದರ್ಶಿ ಸಾಮಾನ್ಯವಾಗಿ ನಗರದವರು, ರಾತ್ರಿಯ ಹಾಸಿಗೆ ನಗರದಲ್ಲಿ. ಕ್ಯಾಟಲೋನಿಯಾದಲ್ಲಿ 2012ರಿಂದ ಪ್ರವಾಸಿ ತೆರಿಗೆ ಇದೆ. ಆದರೆ ಅದು ತಂಗುವ ರಾತ್ರಿಯ ಲೆಕ್ಕದ್ದು. ಬಾರ್ಸಿಲೋನಾದಲ್ಲಿ ಮಲಗಿ ಗ್ರಾಟಲೋಪ್ಸ್‌ನಲ್ಲಿ ಹಗಲು ಕಳೆಯುವವನ ತೆರಿಗೆ ಬಾರ್ಸಿಲೋನಾದಲ್ಲೇ ಸಂದಾಯ. ಅವನು ತುಳಿದ ರಸ್ತೆ, ಬಳಸಿದ ಶೌಚಾಲಯ, ಬಿಟ್ಟ ಕಸ, ಖರ್ಚು ಮಾಡಿದ ನೀರು ಎಲ್ಲವೂ ಕೆಲವು ನೂರು ಜನರ ಹಳ್ಳಿಯ ಪಂಚಾಯಿತಿಯ ಪಾಲಿಗೆ. 2024ರ ಜುಲೈನಲ್ಲಿ ಬಾರ್ಸಿಲೋನಾದ ನಿವಾಸಿಗಳು ಅತಿಪ್ರವಾಸೋದ್ಯಮದ ವಿರುದ್ಧ ಮೆರವಣಿಗೆ ಮಾಡಿ ಪ್ರವಾಸಿಗರ ಮೇಲೆ ನೀರಿನ ಪಿಸ್ತೂಲು ಹಾರಿಸಿದ ಚಿತ್ರ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಹಳ್ಳಿಗಳ ಆಕ್ಷೇಪಕ್ಕೆ ಅಷ್ಟು ದೊಡ್ಡ ಧ್ವನಿಯಿಲ್ಲ. ನಗರದ ದಟ್ಟಣೆ ತಗ್ಗಿಸಲು ಪ್ರವಾಸಿಗರನ್ನು ಒಳನಾಡಿಗೆ ಹಂಚಬೇಕೆಂದು ಸಲಹೆ ಕೊಡುವವರು ಆ ಒಳನಾಡಿಗೆ ಎಷ್ಟು ನೀರಿದೆಯೆಂದು ಮೊದಲು ವಿಚಾರಿಸಬೇಕಿತ್ತು.

ದುಡಿಮೆಯ ವಿಷಯವೂ ಇದೆ. ಯಂತ್ರ ಹತ್ತದ ಇಳಿಜಾರಿನಲ್ಲಿ ಕೊಯ್ಲು ಕೈಯಿಂದಲೇ ಆಗಬೇಕು. ಸ್ಪೇನಿನ ಕೃಷಿಯಲ್ಲಿ ಆ ಕೈಗಳು ಹಲವು ಬಾರಿ ರೊಮೇನಿಯಾದಿಂದ, ಮೊರಾಕೊ ಮತ್ತು ಆಫ್ರಿಕಾದ ಇತರ ದೇಶಗಳಿಂದ ಬಂದವರವು. ಸೆಪ್ಟೆಂಬರಿನ ಬಿಸಿಲಿನಲ್ಲಿ ಬುಟ್ಟಿ ಹೊರುವವರನ್ನು ಪ್ರವಾಸಿ ಕಿಟಕಿಯಿಂದ ಕಾಣಬಹುದು. ಮಾತನಾಡಿಸುವ ಅವಕಾಶ ಕಾರ್ಯಕ್ರಮ ಪಟ್ಟಿಯಲ್ಲಿಲ್ಲ.

ಹೋಗಲೇಬೇಕೆನ್ನುವವರು ಬೇರೆ ಬಗೆಯಲ್ಲಿ ಹೋಗಬಹುದು. ಬಾರ್ಸಿಲೋನಾದಿಂದ ರೆಯುಸ್ ಮೂಲಕ ಎಬ್ರೊ ಕಣಿವೆಯತ್ತ ಹೋಗುವ ರೈಲು ಮಾರ್ಸಾ–ಫಾಲ್ಸೆಟ್ ನಿಲ್ದಾಣದಲ್ಲಿ ನಿಲ್ಲುತ್ತದೆ. ದಿನಕ್ಕೆ ಕೆಲವೇ ರೈಲುಗಳು, ಪಯಣವೂ ನಿಧಾನ. ಹೋಗಿ ಅಂದೇ ಮರಳುವುದು ಕಷ್ಟ. ಅದೇ ಆ ರೈಲಿನ ದೊಡ್ಡ ಗುಣ. ಫಾಲ್ಸೆಟ್‌ನಲ್ಲಿ ರಾತ್ರಿ ತಂಗಿದವನ ತೆರಿಗೆ, ಊಟದ ಹಣ, ಬೆಳಗಿನ ಕಾಫಿಯ ಚಿಲ್ಲರೆ ಅಲ್ಲೇ ಉಳಿಯುತ್ತವೆ. ಅಲ್ಲಿನ ರೈತರ ಸಹಕಾರ ಸಂಘದ ವೈನ್ ಭವನವನ್ನು ಗೌದಿಯ ಶಿಷ್ಯಪರಂಪರೆಯ ಸೆಸಾರ್ ಮಾರ್ತಿನೆಲ್ 1919ರಲ್ಲಿ ಕಟ್ಟಿದ. ಇಂತಹ ಭವನಗಳನ್ನು ಕ್ಯಾಟಲನ್ ಜನ ‘ವೈನಿನ ದೇಗುಲಗಳು’ ಎನ್ನುತ್ತಾರೆ. ದೊರೆಗಳಿಗಾಗಲೀ ಕಂಪನಿಗಳಿಗಾಗಲೀ ಅಲ್ಲ, ಬಡ ಬೆಳೆಗಾರರು ಕೂಡಿಸಿದ ಬಂಡವಾಳಕ್ಕೆ ಎದ್ದು ನಿಂತ ಕಟ್ಟಡ ಎಂಬುದರಿಂದಲೇ ಅದು ಮೇಲೆ ಹೇಳಿದ ನೆಲಮಾಳಿಗೆಗಳಿಗಿಂತ ಹೆಚ್ಚು ನೋಡತಕ್ಕದ್ದು. ಒಂದೇ ವೈನರಿ, ಒಂದೇ ತೋಟ, ಒಂದು ನಡಿಗೆ ಸಾಕು. ಗ್ರಾಟಲೋಪ್ಸ್‌ನ ಕೆಳಗಿನ ಸೇತುವೆಯ ಬಳಿ ನಿಂತು ನದಿಯಲ್ಲಿ ಎಷ್ಟು ನೀರಿದೆಯೆಂದು ನೋಡಿದರೆ, ಆ ಸೀಮೆಯ ವೈನಿನ ಬಗ್ಗೆ ರುಚಿಕೋಣೆಯಲ್ಲಿ ತಿಳಿಯದ ಸಂಗತಿ ತಿಳಿದೀತು.

ಹಳ್ಳಿಗಳು ಸಹ ತಮ್ಮ ಷರತ್ತುಗಳನ್ನು ಮುಂದಿಡಲು ಅಂಜಬಾರದು. ಹಗಲು ವ್ಯಾನುಗಳ ಸಂಖ್ಯೆಗೆ ಮಿತಿ ಹಾಕಬಹುದು. ರುಚಿ ನೋಡುವ ಶುಲ್ಕದಲ್ಲಿ ಒಂದು ಪಾಲನ್ನು ಕಲ್ಲುಕಟ್ಟಣೆಯ ದುರಸ್ತಿಗೂ ಊರಿನ ನೀರಿಗೂ ತೆಗೆದಿಡಬಹುದು. ತೆರಿಗೆಯನ್ನು ರಾತ್ರಿಯ ಜೊತೆಗೆ ಹಗಲಿಗೂ ವಿಸ್ತರಿಸುವಂತೆ ಬಾರ್ಸಿಲೋನಾದ ಸರಕಾರವನ್ನು ಕೇಳಬಹುದು. ಬರವಿಲ್ಲದ ಹೊತ್ತೇ ಸಿಯುರಾನಾದ ಕನಿಷ್ಠ ಹರಿವನ್ನು ಬರವಣಿಗೆಯಲ್ಲಿ ಗೊತ್ತುಪಡಿಸಿಕೊಳ್ಳಲು ತಕ್ಕ ಕಾಲ. ಮುಂದಿನ ಬರ ಬಂದಾಗ ರೆಯುಸ್‌ನ ಹಕ್ಕುಪತ್ರ ಕಚೇರಿಯ ಕಪಾಟಿನಲ್ಲಿ ಇರುತ್ತದೆ; ನದಿಯದೂ ಇರಬೇಕು.